ಧೂಳು ಒರೆಸುವವರನ್ನು ಕೇಳದೆ ಮಾಡಿದ ಲ್ಯಾಂಪು

ಬೆಂಗಳೂರಿನಲ್ಲಿ ಹೋಟೆಲ್‌ಗಳಿಗೆ ಇಂಟೀರಿಯರ್ ಮಾಡುವುದು ನನ್ನ ಕೆಲಸ. ಕೆಲವು ವರ್ಷದ ಹಿಂದೆ ಒಬ್ಬರು ಯಜಮಾನರು ಇಬ್ಬರು ಮಕ್ಕಳ ಜೊತೆ ಆಫೀಸಿಗೆ ಬಂದರು. ಅವರ ಹಳೇ ಲಾಡ್ಜ್ ಹೊಸದಾಗಬೇಕು, ನೋಡೋಕೆ ಮಜವಾಗಿರಬೇಕು, ಬಾಡಿಗೆ ಮಾತ್ರ ಏರಬಾರದು. ದೊಡ್ಡ ಮಗ ಫೋನ್ ತೆಗೆದು ತೋರಿಸಿದ್ದು ಪ್ಯಾರಿಸ್‌ನ ಮಾಮಾ ಶೆಲ್ಟರ್.

ಅಲ್ಲಿ ನಾನು ಎರಡು ರಾತ್ರಿ ಉಳಿದಿದ್ದೆ. ಅದೂ ಅಪ್ಪ-ಮಕ್ಕಳ ಹೋಟೆಲ್ಲೇ. ಸೆರ್ಜ್ ತ್ರಿಗಾನೊ ಮಕ್ಕಳ ಜೊತೆ ಸೇರಿ 2008ರಲ್ಲಿ ತೆರೆದದ್ದು. ಸೆರ್ಜ್ ಅವರ ಅಪ್ಪ ಕ್ಲಬ್ ಮೆಡ್ ಅನ್ನೋ ರಜಾ ರೆಸಾರ್ಟ್ ಕಂಪನಿಯನ್ನು ಬೆಳೆಸಿದವರು, ಹಾಗಾಗಿ ಅತಿಥಿಗಳನ್ನು ನಗಿಸೋದು ಮನೆತನದ ಕಸುಬು ಅನ್ನಿ. ಜಾಗ ಐಫೆಲ್ ಟವರ್‌ನಿಂದ ದೂರ, ಊರಿನ ಪೂರ್ವಕ್ಕೆ, ಹಿಂದೆ ಬಹುಮಹಡಿ ಕಾರ್ ಪಾರ್ಕಿಂಗ್ ಇದ್ದ ಕಡೆ. ಡಿಸೈನ್ ಫಿಲಿಪ್ ಸ್ಟಾರ್ಕ್‌ದು. ಹಾಸಿಗೆ ಪಕ್ಕದ ಲೈಟಿಗೆ ಕಾರ್ಟೂನ್ ಮುಖವಾಡ. ಕೆಳಗಿನ ರೆಸ್ಟೋರೆಂಟ್‌ನ ಸೀಲಿಂಗ್ ಪೂರ್ತಿ ಕಪ್ಪು ಹಲಗೆ, ಮೇಲೆಲ್ಲಾ ಸೀಮೆಸುಣ್ಣದ ಗೀಚು.

ನನ್ನ ತಲೆಯಲ್ಲಿ ಉಳಿದಿದ್ದು ಆ ಮುಖವಾಡ ಮಾತ್ರ. ಅದನ್ನೇ 'ನಮ್ಮದು' ಮಾಡೋಣ ಅಂತ ಯಕ್ಷಗಾನದ ಕಿರೀಟದ ಆಕಾರದಲ್ಲಿ ಲ್ಯಾಂಪ್ ಮಾಡಿಸಿದೆ. ಕಾಗದದ ಮೈ, ಕನ್ನಡಿ ಚೂರು, ಸುತ್ತ ಸಣ್ಣ ಸಣ್ಣ ಗೊಂಡೆ. ಮಾದರಿ ರೂಮಿನಲ್ಲಿ ಇಟ್ಟು ದೀಪ ಹಾಕಿದಾಗ ಯಜಮಾನರು ಚಪ್ಪಾಳೆ ತಟ್ಟಿದರು. ನಲವತ್ತು ಆರ್ಡರ್ ಆಯಿತು.

ವಾರ ಬಿಟ್ಟು ಅದೇ ರೂಮಿಗೆ ಹೋದೆ. ಹೌಸ್‌ಕೀಪಿಂಗ್‌ನ ಅಕ್ಕ ಒಬ್ಬರು ಹಳೇ ಟೂತ್‌ಬ್ರಷ್ ಹಿಡಿದು ಕಿರೀಟದ ಮುಂದೆ ಮಂಡಿಯೂರಿ ಕೂತಿದ್ದರು. ಹೊರಗೆ ಮೆಟ್ರೋ ಕೆಲಸ, ಗೊಂಡೆಗಳೆಲ್ಲ ಆಗಲೇ ಬೂದಿ ಬಣ್ಣ. ಒದ್ದೆ ಬಟ್ಟೆ ತಾಗಿದ ಕಡೆ ಕಾಗದ ಉಬ್ಬಿತ್ತು. 'ಮೇಡಂ, ಒಂದು ರೂಮಿಗೆ ನಂಗೆ ಇಪ್ಪತ್ತೈದು ನಿಮಿಷ ಕೊಡ್ತಾರೆ. ಇದೊಂದಕ್ಕೇ ಹತ್ತು ಹೋಯ್ತು' ಅಂದರು. ಬೇಜಾರಿಲ್ಲದೆ, ಲೆಕ್ಕ ಹೇಳುವ ಹಾಗೆ.

ಆಗ ಪ್ಯಾರಿಸ್‌ನ ರೂಮನ್ನು ಮತ್ತೆ ನೆನಪಿಸಿಕೊಂಡೆ. ಆ ಮುಖವಾಡ ಜಾತ್ರೆಯಲ್ಲಿ ಸಿಗುವಂಥದ್ದು. ಒಂದು ಸಲ ಒರೆಸಿದರೆ ಮುಗಿಯಿತು. ರೂಮೇ ಪುಟ್ಟದು, ತೊಳೆಯೋದಕ್ಕೆ ಹೆಚ್ಚೇನೂ ಇಲ್ಲ. ಗೀಚಿದ್ದೆಲ್ಲ ಕೈಗೆಟುಕದ ಸೀಲಿಂಗ್‌ನಲ್ಲಿ. ಜನ ಇದ್ದದ್ದು ಕೆಳಗೆ, ಉದ್ದನೆ ಬಾರ್ ಸುತ್ತ. ಅರ್ಧಕ್ಕರ್ಧ ಆ ಬೀದಿಯವರೇ ಇರಬೇಕು, ಯಾರ ಕೈಯಲ್ಲೂ ಸೂಟ್‌ಕೇಸ್ ಇರಲಿಲ್ಲ. ಇದೆಲ್ಲ ಕಣ್ಣೆದುರೇ ಇತ್ತು. ನಾನು ಲೈಟಿನ ಫೋಟೋ ತೆಗೆಯುತ್ತಿದ್ದೆ.

ಆರ್ಡರ್ ನಿಲ್ಲಿಸಿದೆವು. ಮುಂಗಡ ಹೋಯಿತು. ಅದರಲ್ಲಿ ಅರ್ಧ ನಮ್ಮ ಫೀಸಿನಿಂದಲೇ ಕಡಿತ. ಉಳಿದ ಲ್ಯಾಂಪ್ ದುಡ್ಡನ್ನು ಕೆಳಗಿನ ಕಾಫಿ ಕೌಂಟರ್‌ಗೆ ಹಾಕಿದೆವು, ರಸ್ತೆಗೆ ಬಾಗಿಲು ತೆರೆದು. 'ಮಜಾ ಬೇಕಂದ್ರೆ ಗೋಡೆ ಮೇಲೆ ಬರೀರಿ, ಒರೆಸೋಕೆ ಸುಲಭ' ಅಂದಿದ್ದೂ ಆ ಅಕ್ಕನೇ. ಹಾಗೆ ರೂಮಿಗೊಂದು ಒಗಟು ಬಂತು, ತೊಳೆಯಬಹುದಾದ ಪೇಂಟಿನಲ್ಲಿ. 204ರಲ್ಲಿ 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂತಿದೆ. ಉತ್ತರ ಕೇಳಿಕೊಂಡು ಜನ ರಿಸೆಪ್ಶನ್‌ಗೆ ಫೋನ್ ಮಾಡುತ್ತಾರಂತೆ. ಅಕ್ಕನನ್ನು ಕಾರಿಡಾರ್‌ನಲ್ಲಿ ಹಿಡಿದು ಕೇಳಿದರೆ, ಮುಡಿದ ಮಲ್ಲಿಗೆ ಮುಟ್ಟಿಕೊಂಡು 'ನಂಗೊತ್ತಿಲ್ಲಪ್ಪ' ಅಂತ ಮುಂದೆ ಹೋಗುತ್ತಾರೆ.