ಗಜನಿ ಕೆಸರಿನ ಭರಣಿಗಳು, ಹನ್ನೊಂದನೇ ವಾರ: ನೈಟ್ರೇಟ್ ಎಲ್ಲಿ ಹೋಯ್ತು?

ಮೂರೇ ದಿನ. 40 ಪಿಪಿಎಂ (ಅಂದರೆ ಲೀಟರಿಗೆ 40 ಮಿಲಿಗ್ರಾಂ) ನೈಟ್ರೇಟ್, ಅಂದರೆ ಗೊಬ್ಬರದಲ್ಲಿರುವ ಸಾರಜನಕದ ಒಂದು ರೂಪ, ಹಾಕಿದ್ದ ಕೆಸರಿನ ಭರಣಿಯಲ್ಲಿ ನಾಲ್ಕನೇ ದಿನ ಬೆಳಿಗ್ಗೆ ಅಳೆದರೆ ಸೊನ್ನೆ. ನಂಬಿಕೆ ಬರದೆ ಇನ್ನೊಂದು ಸಲ ಅಳೆದೆ, ಮತ್ತೆ ಸೊನ್ನೆ. ಎರಡು ವಾರವಾದರೂ ಬೇಕಾಗುತ್ತದೆ ಅಂದುಕೊಂಡಿದ್ದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಊರು ಕುಮಟಾ ಹತ್ತಿರ. ಮಾವನಿಗೆ ಮಾಣಿಕಟ್ಟೆ ಕಡೆ ಅಘನಾಶಿನಿ ಹೊಳೆಯ ಪಕ್ಕ ಗಜನಿ ಭೂಮಿ ಇದೆ, ಅಂದರೆ ಉಪ್ಪು ನೀರು ಬರುವ, ಕಟ್ಟೆ ಹಾಕಿದ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ನುಗ್ಗಿದರೂ, ಗದ್ದೆ ಕೆಲವು ದಿನ ಮುಳುಗಿದರೂ ತಡೆಯುವ ತಳಿ ಅದು. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದರೆ ಭರತದ (ಸಮುದ್ರದ ಉಬ್ಬರದ) ನೀರು ಒಳಗೆ ಬರುತ್ತದೆ, ಅದರ ಜೊತೆ ಸಿಗಡಿ, ಮೀನು, ಏಡಿ ಎಲ್ಲವೂ. ಈ ಗದ್ದೆಗೆ ಯೂರಿಯಾ ಹಾಕುವುದಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಮಾವ ಹೇಳಿದ್ದು ಇಷ್ಟೇ: "ಗಜನಿಗೆ ಎಂತ ಗೊಬ್ಬರ ತಮ್ಮಾ, ಹೊಳೆನೇ ತಂದು ಕೊಡ್ತದೆ."

ಹೊಳೆ ಏನು ಕೊಡುತ್ತದೆ, ಕೆಸರು ಅದನ್ನು ಏನು ಮಾಡುತ್ತದೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಹೊಳೆ ಸಮುದ್ರ ಸೇರುವ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು, 4,801 ಹೆಕ್ಟೇರ್. ಅದರ ಹಕ್ಕಿಗಳ ಬಗ್ಗೆ, ಕಾಂಡ್ಲ ಗಿಡಗಳ (ಮ್ಯಾಂಗ್ರೋವ್) ಬಗ್ಗೆ, ಬಳಚು ಅನ್ನುವ ಚಿಪ್ಪಿನ ಜೀವಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೆಳಗಿನ ಕೆಸರಿನ ಬಗ್ಗೆ ಮಾತಾಡುವವರು ಕಡಿಮೆ. ನನಗೆ ಆ ಕೆಸರೇ ಬೇಕು.

ಡಿಸೆಂಬರಿನಲ್ಲಿ ಇಳಿತದ ಹೊತ್ತಿಗೆ ಹೋಗಿ ಮಾವನ ಗದ್ದೆಯಿಂದ ಎರಡು ಬಗೆಯ ಕೆಸರು ತಂದೆ. ಬಾಗಿಲ ಹತ್ತಿರ ದಿನಾ ನೀರು ಓಡಾಡುವ ಕಡೆಯದು ಬೂದು ಬಣ್ಣ. ನೀರು ನಿಂತೇ ಇರುವ ಮೂಲೆಯದು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಕೆಸರಿನಲ್ಲಿ ಆಮ್ಲಜನಕ ಇರುವುದು ಮೇಲಿನ ಕೆಲವೇ ಮಿಲಿಮೀಟರ್ ಅಷ್ಟೇ. ಅದರ ಕೆಳಗೆ ಬದುಕುವ ಬ್ಯಾಕ್ಟೀರಿಯಾಗಳು ಉಸಿರಾಡಲು ಬೇರೆ ಏನಾದರೂ ಹುಡುಕಿಕೊಳ್ಳಬೇಕು: ನೈಟ್ರೇಟ್ ಸಿಕ್ಕರೆ ನೈಟ್ರೇಟ್, ಅದು ಮುಗಿದರೆ ಕಬ್ಬಿಣ, ಅದೂ ಮುಗಿದರೆ ಸಮುದ್ರದ ನೀರಿನ ಸಲ್ಫೇಟ್. ಮೊಟ್ಟೆ ವಾಸನೆ ಬರುವುದು ಸಲ್ಫೇಟ್ ಬಳಸಿದಾಗ. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು. ಅಂದರೆ ಮೂಗಿಗೆ ಹಿಡಿದರೇ ಕೆಸರು ಯಾವ ಹಂತದಲ್ಲಿದೆ ಅಂತ ಅರ್ಧ ಗೊತ್ತಾಗುತ್ತದೆ.

ಒಂದೂವರೆ ಲೀಟರಿನ ಗಾಜಿನ ಭರಣಿಗಳನ್ನು ತೆಗೆದುಕೊಂಡೆ. ಬೂದು ಕೆಸರು ಒಂದರಲ್ಲಿ, ಕಪ್ಪು ಕೆಸರು ಒಂದರಲ್ಲಿ, ಕುದಿಸಿದ ಕೆಸರು ಒಂದರಲ್ಲಿ, ಬರೀ ನೀರು ಒಂದರಲ್ಲಿ. ಕುದಿಸುವ ಕೆಲಸ ಹಿತ್ತಲಿನಲ್ಲೇ ಮಾಡಿ, ಮನೆಯೊಳಗೆ ಬೇಡವೇ ಬೇಡ. ಎಲ್ಲದಕ್ಕೂ ಒಂದೊಂದು ಲೀಟರ್ ಹೊಳೆ ನೀರು ಹಾಕಿ ಬಾಯಿ ಭದ್ರ ಮಾಡಿದೆ. ನೈಟ್ರೇಟಿಗೆ ಗೊಬ್ಬರದಂಗಡಿಯಲ್ಲಿ ಹನಿ ನೀರಾವರಿಗೆ ಅಂತ ಮಾರುವ 13-0-45 ಸಾಕು, ಅದು ಪೊಟ್ಯಾಶಿಯಂ ನೈಟ್ರೇಟೇ. ಆರೂವರೆ ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟರೆ, ಅದರ 10 ಎಂಎಲ್ ಒಂದು ಭರಣಿಗೆ 40 ಪಿಪಿಎಂ ಕೊಡುತ್ತದೆ.

ಅಳೆಯುವುದು ಅಕ್ವೇರಿಯಂ ಅಂಗಡಿಯ ಕಿಟ್‌ನಲ್ಲಿ. ಮೊದಲ ಎರಡು ವಾರದ ಲೆಕ್ಕವನ್ನೆಲ್ಲ ನಾನು ಹೊಡೆದುಹಾಕಬೇಕಾಯಿತು, ಯಾಕೆಂದರೆ ಬರೀ ನೀರಿನ ಭರಣಿಯಲ್ಲೂ ನೈಟ್ರೇಟ್ ಸೊನ್ನೆ ತೋರಿಸುತ್ತಿತ್ತು. ಹಾಕಿದವನು ನಾನೇ, ಅಲ್ಲಿ ಇರಲೇಬೇಕು ಅಲ್ವಾ? ತಪ್ಪು ನನ್ನದು. ನನ್ನ ಕಿಟ್‌ನ ಎರಡನೇ ಸೀಸೆಯ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು, ನಾನು ಸುಮ್ನೆ ಅಲ್ಲಾಡಿಸುತ್ತಿದ್ದೆ. ಬರೀ ನೀರಿನ ಭರಣಿ ಇಟ್ಟಿರದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮನೆಯಲ್ಲಿ ಇಂಥ ಪ್ರಯೋಗ ಮಾಡುವವರು ಆ ಭರಣಿಯನ್ನು ದಯವಿಟ್ಟು ಬಿಡಬೇಡಿ.

ಸರಿ ಮಾಡಿಕೊಂಡ ಮೇಲೆ ಬಂದ ಚಿತ್ರ ಇದು. ಬರೀ ನೀರಿನಲ್ಲಿ ನೈಟ್ರೇಟ್ ಹಾಗೇ ಇದೆ. ಕುದಿಸಿದ ಕೆಸರಿನಲ್ಲೂ ಒಂದು ವಾರ ಹೆಚ್ಚುಕಡಿಮೆ ಹಾಗೇ ಇತ್ತು. ಬೂದು, ಕಪ್ಪು ಎರಡೂ ಮೂರು ದಿನದಲ್ಲಿ ತಿಂದು ಮುಗಿಸಿದವು. ಅಂದರೆ ತಿಂದದ್ದು ಜೀವ ಇರುವ ಕೆಸರು, ಮಣ್ಣಿನ ರಾಸಾಯನಿಕ ಗುಣ ಅಲ್ಲ.

ಈಗ ನಿಜವಾದ ಪ್ರಶ್ನೆ. ತಿಂದದ್ದು ಏನಾಯಿತು? ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ದಾರಿಯಲ್ಲಿ ನೈಟ್ರೇಟ್ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಾರಜನಕದ ಅನಿಲವಾಗಿ ಗಾಳಿಗೆ ಸೇರುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಅದೇ ಇದೆ, ಗಿಡಕ್ಕೆ ಅದು ನೇರವಾಗಿ ಸಿಗುವುದಿಲ್ಲ, ಆ ಲೆಕ್ಕದಲ್ಲಿ ಗದ್ದೆಗೆ ನಷ್ಟ, ಆದರೆ ಮೇಲಿನ ತೋಟ, ಚರಂಡಿಗಳಿಂದ ಬಂದ ಹೆಚ್ಚಿನ ನೈಟ್ರೇಟ್ ಸಮುದ್ರ ಸೇರುವ ಮೊದಲೇ ಕಳೆಯುವುದರಿಂದ ಅಳಿವೆಗೆ ಒಳ್ಳೆಯದು. ಇನ್ನೊಂದು ದಾರಿಯಲ್ಲಿ ನೈಟ್ರೇಟ್ ಅಮೋನಿಯಂ ಆಗುತ್ತದೆ. ಅದು ಕೆಸರಿನಲ್ಲೇ ಉಳಿಯುತ್ತದೆ, ಭತ್ತಕ್ಕೆ ಬೇಕಾದದ್ದೂ ಅದೇ. ಎರಡೂ ಒಂದೇ ಚಮಚ ಕೆಸರಿನಲ್ಲಿ ಅಕ್ಕಪಕ್ಕ ನಡೆಯುತ್ತವೆ. ಸಲ್ಫೈಡ್ ಜಾಸ್ತಿ ಇದ್ದರೆ, ತಿನ್ನಲು ಇಂಗಾಲ ಜಾಸ್ತಿ ಇದ್ದು ನೈಟ್ರೇಟ್ ಕಡಿಮೆ ಇದ್ದರೆ ಎರಡನೇ ದಾರಿ ಮೇಲುಗೈ ಪಡೆಯುತ್ತದೆ.

ಲೆಕ್ಕ ಹಾಕಿದೆ. 40 ಮಿಲಿಗ್ರಾಂ ನೈಟ್ರೇಟಿನಲ್ಲಿ ಸಾರಜನಕ ಸುಮಾರು 9 ಮಿಲಿಗ್ರಾಂ. ಅಷ್ಟೂ ಅಮೋನಿಯಂ ಆದರೆ ಹನ್ನೊಂದೂವರೆ ಮಿಲಿಗ್ರಾಂಗಿಂತ ತುಸು ಹೆಚ್ಚು ಸಿಗಬೇಕು. ಇಲ್ಲಿ ಎರಡು ತೊಡಕು ಇದ್ದವು. ಕೊಳೆಯುವ ಹುಲ್ಲು ತಾನಾಗಿಯೇ ಅಮೋನಿಯಂ ಬಿಡುತ್ತದೆ, ಹಾಗಾಗಿ ನೈಟ್ರೇಟ್ ಹಾಕದ ಕೆಸರಿನ ಭರಣಿ ಎರಡು ಬೇರೆ ಇಟ್ಟು ಅದನ್ನು ಕಳೆದೆ. ಮತ್ತೆ ಅಮೋನಿಯಂ ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ, ಬರೀ ನೀರನ್ನು ಅಳೆದರೆ ಅದು ಕಾಣುವುದಿಲ್ಲ. ಅದನ್ನು ಬಿಡಿಸಲು ಪೊಟ್ಯಾಶ್ ಗೊಬ್ಬರದ (ಪೊಟ್ಯಾಶಿಯಂ ಕ್ಲೋರೈಡ್) ಗಟ್ಟಿ ದ್ರಾವಣದಲ್ಲಿ ಕೆಸರನ್ನು ಒಂದು ಗಂಟೆ ಕುಲುಕಿ ಸೋಸಬೇಕು, ಲೀಟರಿಗೆ 149 ಗ್ರಾಂ. ಕೆಂಪು ಪೊಟ್ಯಾಶ್ ಬೇಡ, ಬಣ್ಣ ಅಡ್ಡ ಬರುತ್ತದೆ, ಬಿಳಿಯದನ್ನೇ ಕೇಳಿ ತನ್ನಿ. ಸೋಸಿದ ನೀರನ್ನು ಹತ್ತು ಪಾಲು ತೆಳು ಮಾಡಿ, ಕೆಸರಿಲ್ಲದ ಅದೇ ದ್ರಾವಣದ ಜೊತೆ ಇಟ್ಟು ಬಣ್ಣ ನೋಡಿದೆ.

ಎಲ್ಲ ಕಳೆದು ಕೂಡಿಸಿದ ಮೇಲೆ ಬೂದು ಕೆಸರಿನಲ್ಲಿ ಹೆಚ್ಚಾದ ಅಮೋನಿಯಂ ಸುಮಾರು 2 ಮಿಲಿಗ್ರಾಂ. ಕಪ್ಪು ಕೆಸರಿನಲ್ಲಿ ಸುಮಾರು 6! ಬಣ್ಣ ಹೋಲಿಸುವ ಕಿಟ್ ಇದು, ಒಂದೋ ಒಂದೂವರೆಯೋ ಆಚೀಚೆ ಇರುತ್ತದೆ, ಸ್ವಲ್ಪ ಬ್ಯಾಕ್ಟೀರಿಯಾಗಳ ಮೈಯೊಳಗೂ ಸೇರಿರುತ್ತದೆ. ಆದರೂ ಮೂರು ಪಟ್ಟು ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದೇ ಗದ್ದೆ, ನಡುವೆ ಇಪ್ಪತ್ತು ಹೆಜ್ಜೆ. ಒಂದು ಮೂಲೆ ಸಾರಜನಕವನ್ನು ಹಿಡಿದಿಡುತ್ತಿದೆ, ಇನ್ನೊಂದು ಗಾಳಿಗೆ ಬಿಡುತ್ತಿದೆ. ಆ ಸಂಜೆ ಖುಷಿಗೆ ಮಾವನಿಗೆ ಫೋನ್ ಮಾಡಿಯೇ ಬಿಟ್ಟೆ.

ಹಾಗಂತ ಕಪ್ಪು ಕೆಸರು ಒಳ್ಳೆಯದು ಅಂದುಕೊಳ್ಳಬೇಡಿ. ಸಲ್ಫೈಡ್ ಬೇರಿಗೆ ವಿಷ. ಆ ಮೂಲೆಯಲ್ಲಿ ಕಗ್ಗ ಸೊರಗುತ್ತದೆ ಅಂತ ಮಾವ ಮೊದಲೇ ಹೇಳಿದ್ದರು.

ಇನ್ನು ಭರತದ ತೊಟ್ಟಿ. ಮುಚ್ಚಿದ ಭರಣಿಯಲ್ಲಿ ನೈಟ್ರೇಟನ್ನು ನಾನು ಹಾಕಿದೆ, ಗಜನಿಯಲ್ಲಿ ಅದು ಅಲ್ಲೇ ತಯಾರಾಗಲೂ ಬೇಕು. ಅಮೋನಿಯಾವನ್ನು (ಅಮೋನಿಯಂನದೇ ಇನ್ನೊಂದು ರೂಪ) ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. ಅದಕ್ಕೇ ಎರಡು ಅಡಿಯ ತೊಟ್ಟಿಗೆ ಕೆಸರು ತುಂಬಿ, ಎರಡು ಚಿಕ್ಕ ಪಂಪು, ಟೈಮರ್ ಇಟ್ಟು ದಿನಕ್ಕೆ ಎರಡು ಸಲ ನೀರು ಏರಿಸಿ ಇಳಿಸುತ್ತಿದ್ದೇನೆ. ನಿಜವಾದ ಭರತ ದಿನಾ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ, ನನ್ನ ಟೈಮರಿಗೆ ಅದು ಬರುವುದಿಲ್ಲ. ಈ ಕೆಲಸಕ್ಕೆ ಅಷ್ಟು ಸಾಕು ಅನ್ನಿಸಿತು.

ತೊಟ್ಟಿಯ ಒಂದು ಪಕ್ಕ ಗಾಜಿಗೆ ಅಂಟಿಕೊಂಡ ಹಾಗೆ ಬೆರಳು ದಪ್ಪದ ಕೋಲಿನಿಂದ ಆರು ತೂತು ಮಾಡಿದೆ, ಏಡಿ ಬಿಲದ ಹಾಗೆ. ಇನ್ನೊಂದು ಪಕ್ಕ ತೂತಿಲ್ಲ, ನಡುವೆ ಗಾಜು. ಮೂರು ವಾರದಲ್ಲಿ ತೂತಿನ ಗೋಡೆ ಇಟ್ಟಿಗೆ ಕೆಂಪಾಗಿದೆ. ಕಪ್ಪು ಕೆಸರಿನ ನಡುವೆ ಐದಾರು ಮಿಲಿಮೀಟರಿನ ಕೆಂಪು ಅಂಚು, ಕಬ್ಬಿಣಕ್ಕೆ ಆಮ್ಲಜನಕ ತಾಗಿ ತುಕ್ಕು ಹಿಡಿದದ್ದು. ನಿಜವಾದ ಏಡಿ ಬಿಲವನ್ನು ಸಲಿಕೆಯಿಂದ ಸೀಳಿದರೂ ಹೀಗೇ ಕಾಣುತ್ತದೆ. ತೂತಿದ್ದ ಪಕ್ಕದ ನೀರಿನಲ್ಲಿ ಹೋದ ಸೋಮವಾರ ಮೊದಲ ಸಲ ನೈಟ್ರೈಟಿನ ತೆಳು ನೇರಳೆ ಬಣ್ಣ ಬಂತು. ತೂತಿಲ್ಲದ ಪಕ್ಕದಲ್ಲಿ ಬರೀ ಅಮೋನಿಯಾ.

ಕೆಂಪು ಅಂಚಿನಲ್ಲಿ ತಯಾರಾದ ನೈಟ್ರೇಟಿಗೆ ಕಪ್ಪು ಕೆಸರು ತಲುಪಲು ಹೋಗಬೇಕಾದ ದೂರ ಕೆಲವೇ ಮಿಲಿಮೀಟರ್. ಒಂದು ಕಡೆ ಮಾಡುವವರು, ಅದಕ್ಕೆ ತಾಗಿಕೊಂಡೇ ತಿನ್ನುವವರು. ಪ್ರತಿ ಬಿಲವೂ ಇಂಥ ಗಡಿಯನ್ನು ಕೆಸರಿನ ಆಳಕ್ಕೆ ಒಯ್ಯುತ್ತದೆ. ಇದನ್ನು ಹೇಳಿದಾಗ ಮಾವನಿಗೆ ಅಷ್ಟು ಸಮಾಧಾನ ಆಗಲಿಲ್ಲ. "ಏಡಿ ಕಟ್ಟೆ ತೂತು ಮಾಡ್ತದೆ, ಅದನ್ನ ಮುಚ್ಚೂದು ಯಾರು?" ಅಂದರು. ಅದೂ ನಿಜವೇ, ಕಟ್ಟೆ ಒಡೆದರೆ ಬೆಳೆ ಹೋಗುತ್ತದೆ. ಗದ್ದೆಯ ನಡುವಿನ ಬಿಲಗಳನ್ನು ಎಣಿಸಲು ಮಾತ್ರ ಒಪ್ಪಿದ್ದಾರೆ.

ಮುಂದಿನ ಭಾನುವಾರ ಇಳಿತ ಬೆಳಿಗ್ಗೆಯೇ ಇದೆ. ಒಂದು ಮೀಟರ್ ಚೌಕದ ಬಿದಿರಿನ ಚೌಕಟ್ಟು ಕಟ್ಟಿದ್ದೇನೆ, ಬೂದು ಕಡೆ ಹತ್ತು ಸಲ, ಕಪ್ಪು ಮೂಲೆಯಲ್ಲಿ ಹತ್ತು ಸಲ ಇಟ್ಟು ಬಿಲ ಎಣಿಸುವುದು. ಅಷ್ಟರಲ್ಲಿ ಎರಡನೇ ಪಂಪಿಗೆ ಸಿಕ್ಕಿಕೊಂಡಿರುವ ಹುಲ್ಲು ತೆಗೆಯಬೇಕು, ನಿನ್ನೆಯಿಂದ ತೊಟ್ಟಿಯಲ್ಲಿ ಇಳಿತ ಪೂರ್ತಿ ಆಗುತ್ತಿಲ್ಲ.