ಬಾದಾಮಿ ಬಂಡೆಯ ಮೇಲೆ ಮೂರು ಜೋಡಿ ಶೂ

ಈ ಸಲ ಬಾದಾಮಿಗೆ ಮೂರು ಜನ ಹೋದೆವು, ಮೂರು ಬಗೆಯ ಶೂ ಹಾಕಿಕೊಂಡು. ತಂಗಿಯ ಕಾಲಲ್ಲಿ ಜಾಲರಿ ಬಟ್ಟೆಯ ಹಗುರ ಅಪ್ರೋಚ್ ಶೂ, ಅಂದರೆ ಹತ್ತುವ ಬಂಡೆಯ ಬುಡದವರೆಗೆ ನಡೆಯಲು ಮಾಡಿದ್ದು. ನನ್ನದೂ ಅಪ್ರೋಚ್ ಶೂನೇ, ಆದರೆ ಮೇಲೆ ಚರ್ಮ, ಸ್ವಲ್ಪ ಭಾರ. ಗೆಳೆಯ ಮಾತ್ರ ಕಾಲಿನ ಗಂಟು ಮುಚ್ಚುವಷ್ಟು ಎತ್ತರದ ಟ್ರೆಕ್ಕಿಂಗ್ ಬೂಟು ಹಾಕಿಕೊಂಡು ಬಂದಿದ್ದ. ಹಿಂದೆ ಯಾವಾಗಲೋ ಹಿಮಾಲಯಕ್ಕೆ ಅಂತ ತೆಗೆದುಕೊಂಡದ್ದು, ಬಂದ ಮೇಲೆ ಅಟ್ಟ ಸೇರಿದ್ದು. "ಇದರ ಮುಂದ ನಿಮ್ಮವು ಆಟಗಿ ಸಾಮಾನ ಲೇ" ಅಂತ ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲೇ ಶುರು ಹಚ್ಚಿಕೊಂಡ.

ನಮ್ಮ ಮೂವರಲ್ಲಿ ನಿಜವಾಗಿ ಬಂಡೆ ಹತ್ತುವವಳು ತಂಗಿ. ನಾನು ಹಗ್ಗ ಹಿಡಿಯುವವನು, ಬ್ಯಾಗು ಹೊರುವವನು. ಗೆಳೆಯ ಫೋಟೋ ತೆಗೆಯುವವನು, ಊಟದ ಹೊತ್ತಿಗೆ ಸರಿಯಾಗಿ ಎಚ್ಚರಾಗುವವನು.

ಬಸ್ಸು ಯರಗಟ್ಟಿ ದಾಟಿದ ಮೇಲೆ ಅವಳು ಅವನಿಗೆ ಪಾಠ ಶುರು ಮಾಡಿದಳು. ಹತ್ತುವ ಶೂ ಬೇರೆ, ನಡೆಯುವ ಶೂ ಬೇರೆ. ಹತ್ತುವ ಶೂ ಎಷ್ಟು ಬಿಗಿ ಅಂದರೆ ಬೆರಳು ಮಡಚಿಕೊಂಡು ಕೂತಿರುತ್ತವೆ, ಅದನ್ನು ಹಾಕಿಕೊಂಡು ಚಹಾ ಅಂಗಡಿಗೂ ಹೋಗಲಾಗದು. ಬಂಡೆಯ ಬುಡ ಮುಟ್ಟುವವರೆಗೆ ನಡೆಯಲು, ನಡುವೆ ಕೈ ಊರಿ ಹತ್ತುವ ಜಾಗ ಬಂದರೆ ಜಾರದಂತೆ ಏರಲು, ಆಮೇಲೆ ಕೆಳಗೆ ನಿಂತು ಹಗ್ಗ ಹಿಡಿಯಲು ಮಾಡಿದ್ದು ಅಪ್ರೋಚ್ ಶೂ. ಹಿಂದೆ ಯುರೋಪಿನವರು ಬುಡದವರೆಗೆ ಮೊಳೆ ಹೊಡೆದ ಭಾರದ ಬೂಟಿನಲ್ಲಿ ನಡೆದು, ಬಂಡೆಗೆ ತೆಳು ಅಟ್ಟೆಯ ಶೂ ಹಾಕಿಕೊಳ್ಳುತ್ತಿದ್ದರಂತೆ. 1935ರಲ್ಲಿ ಇಟಲಿಯ ಪುಂಟಾ ರಾಸಿಕಾ ಬೆಟ್ಟದಲ್ಲಿ ಇಂಥ ತೆಳು ಶೂನಲ್ಲಿ ಹಿಮಗಾಳಿಗೆ ಸಿಕ್ಕಿ ಆರು ಜನ ಸತ್ತರು. ಆ ತಂಡದ ಜೊತೆ ಇದ್ದ ವಿಟಾಲೆ ಬ್ರಾಮಾನಿ, ಎರಡೂ ಕೆಲಸಕ್ಕೆ ಆಗುವ ಅಟ್ಟೆ ಬೇಕು ಅಂತ ಹೊರಟು 1937ರಲ್ಲಿ ರಬ್ಬರ್ ಅಟ್ಟೆ ತಂದ. ಇವತ್ತು ಶೂ ತಳದಲ್ಲಿ ಹಳದಿ ಗುರುತಿನ ವಿಬ್ರಮ್ ಅಂತ ನೋಡುತ್ತೀವಲ್ಲ, ಅದು ಅವನದೇ. ಗೆಳೆಯ ಇಷ್ಟೂ ಕೇಳಿ, ತನ್ನ ಬೂಟು ತಿರುಗಿಸಿ ನೋಡಿ, "ನಂದ್ರಾಗೂ ಹಲ್ಲು ಅದಾವಲ್ಲ, ಇನ್ನೂ ದೊಡ್ಡವು" ಅಂದ.

ಹಲ್ಲು ದೊಡ್ಡದಿದ್ದರೆ ಹಿಡಿತ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಣ್ಣಿನಲ್ಲಿ ಅದು ನಿಜ. ಬಾದಾಮಿಯ ಮರಳುಗಲ್ಲಿನ ಮೇಲೆ ಉಲ್ಟಾ.

ಅದು ಗೊತ್ತಾಗಿದ್ದು ಉತ್ತರದ ಕೋಟೆಗೆ ಹತ್ತುವಾಗ. ಅಗಸ್ತ್ಯ ತೀರ್ಥದ ದಂಡೆಯ ಮ್ಯೂಸಿಯಂ ಪಕ್ಕದಿಂದ ಮೆಟ್ಟಿಲು ಶುರುವಾಗುತ್ತವೆ, ಎರಡೂ ಕಡೆ ಕೆಂಪು ಗೋಡೆ ಎದ್ದು ನಡುವೆ ಇಕ್ಕಟ್ಟು ಓಣಿ. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದು 543ರಲ್ಲಿ, ಬಂಡೆಯ ಮೇಲೇ ಶಾಸನ ಇದೆ. ಅಷ್ಟು ಕಾಲದ ಕಾಲುಗಳು ಉಜ್ಜಿ ಉಜ್ಜಿ ಕೆಲವು ಮೆಟ್ಟಿಲು ನುಣುಪಾಗಿವೆ. ಮೇಲಿನ ಶಿವಾಲಯದ ಹತ್ತಿರ ಇಳಿಜಾರು ಬಂಡೆ ಸಿಕ್ಕಿತು. ತಂಗಿ ಕೈ ಕೂಡ ಊರದೆ ನಡೆದು ಹೋದಳು. ನಾನೂ ಹೋದೆ. ಗೆಳೆಯ ಎರಡು ಹೆಜ್ಜೆ ಇಟ್ಟು ನಿಂತ. ಹಿಮ್ಮಡಿ ಏಳುತ್ತಿತ್ತು.

ಕಾರಣ ಸರಳ. ಇಳಿಜಾರು ಕಲ್ಲಿನ ಮೇಲೆ ನಿಲ್ಲಿಸುವುದು ರಬ್ಬರು ಕಲ್ಲಿಗೆ ತಾಗುವ ಜಾಗ. ದೊಡ್ಡ ಹಲ್ಲಿನ ಅಟ್ಟೆಯಲ್ಲಿ ಹಲ್ಲಿನ ತುದಿಗಳಷ್ಟೇ ತಾಗುತ್ತವೆ, ನಡುವೆ ಎಲ್ಲ ಖಾಲಿ. ಅಪ್ರೋಚ್ ಶೂ ತಳದಲ್ಲಿ ಹಲ್ಲು ಗಿಡ್ಡ, ಇಲ್ಲವೇ ಬರೀ ಚುಕ್ಕಿ ಚುಕ್ಕಿ. ಹೆಬ್ಬೆರಳ ಕೆಳಗಂತೂ ಹಲ್ಲೇ ಇಲ್ಲದ ಸಪಾಟು ರಬ್ಬರು, ಅದನ್ನು ಕ್ಲೈಂಬಿಂಗ್ ಜೋನ್ ಅಂತಾರೆ. ರಬ್ಬರು ಕೂಡ ಮೆತ್ತಗಿನದು, ಕಲ್ಲಿನ ಸಣ್ಣ ಸಣ್ಣ ಉಬ್ಬಿಗೆ ಒತ್ತಿಕೊಂಡು ಕೂರುತ್ತದೆ. ಇನ್ನೊಂದು ಮಾತು: ಕಾಲಿನ ಗಂಟನ್ನು ಬಿಗಿದು ಹಿಡಿಯುವ ಎತ್ತರದ ಬೂಟಿನಲ್ಲಿ ಕಾಲು ಮುಂದಕ್ಕೆ ಬಾಗುವುದಿಲ್ಲ. ಇಳಿಜಾರಿನಲ್ಲಿ ಇಡೀ ಅಟ್ಟೆ ಊರಬೇಕಂದರೆ ಗಂಟು ಬಾಗಲೇಬೇಕು. ಬಾಗದಿದ್ದರೆ ಹಿಮ್ಮಡಿ ಏಳುತ್ತದೆ, ಇದ್ದಬದ್ದ ಹಿಡಿತವೂ ಹೋಗುತ್ತದೆ.

ಅಲ್ಲೇ ಕಾಲೇಜು ಹುಡುಗರ ಒಂದು ಗುಂಪು ದಪ್ಪ ಫೋಮಿನ ರನ್ನಿಂಗ್ ಶೂನಲ್ಲಿ ಬಂದಿತ್ತು. ಇಳಿಜಾರಿನಲ್ಲಿ ಪರವಾಗಿಲ್ಲ, ಹೋದರು. ಬಂಡೆಯ ಪದರದ ಸಣ್ಣ ಅಂಚಿನ ಮೇಲೆ ಕಾಲ ತುದಿ ಇಟ್ಟಾಗ ಫೋಮು ಅಮುಕಿ ಕಾಲು ಹೊರಳುತ್ತಿತ್ತು. ಬಾದಾಮಿ ಕಲ್ಲು ಪದರ ಪದರವಾಗಿ ಅಡ್ಡಡ್ಡ ಕೂತದ್ದು, ಹಾಗಾಗಿ ಇಲ್ಲಿ ಅಂಚುಗಳೇ ಜಾಸ್ತಿ. ಅಂಚಿನ ಮೇಲೆ ನಿಲ್ಲಲು ಶೂ ಮುಂಭಾಗ ಸ್ವಲ್ಪ ಗಟ್ಟಿ ಇರಬೇಕು, ಪಾದ ಮತ್ತು ಕಲ್ಲಿನ ನಡುವೆ ಫೋಮು ಕಡಿಮೆ ಇರಬೇಕು.

ಮರುದಿನ ಬೆಳಗ್ಗೆ ತಂಗಿಯ ಸರದಿ. ಸ್ಮಾರಕಗಳಿಂದ ದೂರದ, ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದಿರುವ ಬಂಡೆಗೋಡೆಗೆ ಹೋದೆವು. ಪುರಾತತ್ವ ಇಲಾಖೆಯ ಜಾಗದಲ್ಲಿ ಹತ್ತುವ ಮಾತೇ ಬೇಡ. ಚಳಿಗಾಲದಲ್ಲಿ ಬೆಂಗಳೂರು, ಪುಣೆ, ಹೊರದೇಶದಿಂದ ಹತ್ತುವವರು ಬಾದಾಮಿಗೆ ಬರುತ್ತಾರೆ. ಇಲ್ಲಿಯ ಗಣೇಶ ಅನ್ನೋ ಬಂಡೆ ಹತ್ತುವ ದಾರಿ, ಕಷ್ಟ ಅಳೆಯುವ ಫ್ರೆಂಚ್ ಲೆಕ್ಕದಲ್ಲಿ, 8ಬಿ ಪ್ಲಸ್ ಮಟ್ಟದ್ದು, ದೇಶದ ಕಠಿಣ ದಾರಿಗಳಲ್ಲಿ ಒಂದು. ತಂಗಿ ಅದರ ಕೆಳಗೆ ನಿಂತು ತಲೆ ಎತ್ತಿ ನೋಡಿ, "ನೋಡಾಕ ರೊಕ್ಕ ಇಲ್ಲಲ್ಲ ಅಣ್ಣಾ" ಅಂತ ನಕ್ಕು ಮುಂದೆ ನಡೆದಳು.

ಹಗುರ ಶೂ ಅಂತ ಎಲ್ಲರೂ ಗ್ರಾಂ ಲೆಕ್ಕ ಹಾಕುತ್ತಾರಲ್ಲ, ಅದರ ಬಗ್ಗೆ ನಮ್ಮಿಬ್ಬರಿಗೂ ಒಮ್ಮತ ಇಲ್ಲ. ಅವಳ ಶೂ ಒಂದೊಂದು 300 ಗ್ರಾಮಿನ ಆಸುಪಾಸು. ಎರಡನ್ನೂ ಒಂದಕ್ಕೊಂದು ಒತ್ತಿ ಹಾರ್ನೆಸ್ಸಿಗೆ, ಅಂದರೆ ಹಗ್ಗ ಕಟ್ಟುವ ಸೊಂಟಪಟ್ಟಿಗೆ, ತೂಗುಹಾಕಿದರೆ ಸೊಂಟಕ್ಕೆ ಗೊತ್ತೇ ಆಗಲ್ಲ. ಹಲವು ಹಗ್ಗದುದ್ದ ಮೇಲೆ ಹತ್ತಿ, ಆ ಕಡೆಯಿಂದ ನಡೆದು ಇಳಿಯುವ ದೊಡ್ಡ ಗೋಡೆಗಳಲ್ಲಿ ಅದು ಬೇಕು. ಬಾದಾಮಿಯಲ್ಲಿ ಹೆಚ್ಚಿನ ದಾರಿ ಒಂದೇ ಹಗ್ಗದುದ್ದದಲ್ಲಿ ಮುಗಿಯುತ್ತವೆ, ಮೇಲೆ ಮುಟ್ಟಿದವರನ್ನು ಹಗ್ಗದಲ್ಲೇ ಕೆಳಗೆ ಇಳಿಸುತ್ತೇವೆ. ಶೂ ನೆಲದ ಮೇಲೇ ಇರುತ್ತದೆ. ಹೀಗಿರುವಾಗ ಇಲ್ಲಿಗೆ ಐವತ್ತು ನೂರು ಗ್ರಾಮಿಗಾಗಿ ಜಾಲರಿ ಬಟ್ಟೆ ಯಾಕೆ ಅನ್ನೋದು ನನ್ನ ವಾದ. ಜಾಲಿ ಮುಳ್ಳು ಸೀದಾ ಒಳಗೆ ಬರುತ್ತದೆ, ಸಣ್ಣ ಉಸುಕು ತುಂಬುತ್ತದೆ, ಸೀಳಿನಲ್ಲಿ ಕಾಲು ತುರುಕಿದರೆ ಕಲ್ಲು ಬಟ್ಟೆಯನ್ನು ಉಪ್ಪುಕಾಗದದಂತೆ ತಿನ್ನುತ್ತದೆ. ಚರ್ಮ ಸೆಖೆ ನಿಜ, ಆದರೆ ಬಾಳಿಕೆ ಬರುತ್ತದೆ. ಅವಳ ವಾದ: "ನಿನಗ ಒಂದ ಊರು, ನನಗ ಹತ್ತೂರು." ಅದೂ ಸರಿಯೇ.

ನೀರು ಒಳಗೆ ಬಾರದ ಪದರ ಇರುವ ಶೂಗಳಿಗೆ ಮಾತ್ರ ಇಬ್ಬರೂ ಬೇಡ ಅಂತೀವಿ. ದುಡ್ಡು ಜಾಸ್ತಿ, ಕಾಲು ಬೆವರುತ್ತದೆ. ಮೇಲಾಗಿ ಮರಳುಗಲ್ಲು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚು ಕೈಗೇ ಕಿತ್ತು ಬರಬಹುದು, ಬೋಲ್ಟೂ ಅಷ್ಟು ನಂಬಿಕೆಯದಲ್ಲ. ಮಳೆ ಬಂದರೆ ಕಲ್ಲು ಪೂರ್ತಿ ಒಣಗುವವರೆಗೆ ಹತ್ತಬಾರದು. ಹತ್ತದೇ ಇರುವ ದಿನಕ್ಕೆ ಅಷ್ಟು ದುಡ್ಡು ಯಾಕೆ?

ಊಟಕ್ಕೆ ಬನಶಂಕರಿ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಗೆಳೆಯ ಎಷ್ಟು ತಿಂದ ಅಂತ ಹೇಳುವುದಿಲ್ಲ.

ಕೊನೆಯ ನಡಿಗೆ ಹಳೇ ಕಾಲುದಾರಿಯಲ್ಲಿ ಸಿಡಿಲಪಡಿ, ಅರಳಿತೀರ್ಥದ ಕಡೆಯಿಂದ ಮಹಾಕೂಟದ ಗುಡಿಗಳಿಗೆ. ರಸ್ತೆಯಲ್ಲಿ ಹೋದರೆ ದೂರ, ಗುಡ್ಡದ ಮೇಲಿನ ದಾರಿ ಹತ್ತಿರ, ಮತ್ತು ಬಹಳ ಚಂದ. ಸಿಡಿಲಪಡಿ ಅಂದರೆ ಕಮಾನಿನಂತೆ ಟೊಳ್ಳಾದ ದೊಡ್ಡ ಬಂಡೆ, ಚಾವಣಿಯಲ್ಲಿ ಕಿಂಡಿ, ಗೋಡೆಯ ಮೇಲೆ ಆದಿಕಾಲದ ಕೆಂಪು ಚಿತ್ರಗಳು. ಮುಟ್ಟದೆ ನೋಡಿ ಬಂದರೆ ಸಾಕು.

ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ಗೆಳೆಯನ ಎಡಗಾಲಿನ ಬೂಟು ಪಟಪಟ ಸದ್ದು ಮಾಡತೊಡಗಿತು. ನೋಡಿದರೆ ಹಿಮ್ಮಡಿಯಿಂದ ಅಟ್ಟೆ ಬಿಟ್ಟಿದೆ. ಅಟ್ಟೆ ಮತ್ತು ಬೂಟಿನ ನಡುವಿನ ಪದರ ಪುಡಿ ಪುಡಿ. ಬೆರಳಲ್ಲಿ ಮುಟ್ಟಿದರೆ ಉದುರುತ್ತಿತ್ತು. "ಲೇ, ನಾ ಹಾಕಿದ್ದ ನಾಕ ಸಲ" ಅಂತ ಅವನು ಒದ್ದಾಡಿದ. ಜಾಸ್ತಿ ಹಾಕದೇ ಇದ್ದದ್ದೂ ಸೇರಿಯೇ ಹೀಗಾಗಿತ್ತು. ಭಾರದ ಬೂಟುಗಳಲ್ಲಿ ಆ ನಡುವಿನ ಪದರಕ್ಕೆ ಹೆಚ್ಚಾಗಿ ಪಾಲಿಯುರಿಥೇನ್ ಬಳಸುತ್ತಾರೆ. ಗಾಳಿಯ ತೇವ ವರ್ಷಗಟ್ಟಲೆ ಸೇರಿ ಅದು ಒಳಗೊಳಗೇ ಮುರಿಯುತ್ತದೆ, ಇಟ್ಟಲ್ಲೇ ಇದ್ದರೂ. ಬೆಳಗಾವಿಯ ಮಳೆಗಾಲ, ಅಟ್ಟದ ಮೇಲೆ ಕಟ್ಟಿಟ್ಟ ಡಬ್ಬಿ, ಇನ್ನೇನು ಬೇಕು? ಹಗುರ ಶೂಗಳಲ್ಲಿ ಸಾಮಾನ್ಯವಾಗಿ ಇರುವ ಇವಿಎ ಫೋಮು ಹೀಗೆ ಪುಡಿಯಾಗಲ್ಲ. ಅದು ತುಳಿದು ತುಳಿದು ಚಪ್ಪಟೆಯಾಗುತ್ತದೆ, ಅಷ್ಟೆ.

ತಂಗಿ ಬೆರಳಿಗೆ ಸುತ್ತುವ ಟೇಪು ತೆಗೆದು ಅಟ್ಟೆಯನ್ನು ಬೂಟಿಗೆ ಕಟ್ಟಿದಳು. ಅಷ್ಟರಲ್ಲಿ ಆಡು ಕಾಯುವ ಅಜ್ಜ ಒಬ್ಬರು ಬಂದು ನಿಂತರು. ಕಾಲಲ್ಲಿ ಟಾಯರ್ ಚಪ್ಪಲಿ.

"ಎಷ್ಟಾಗೇತಿ ತಮ್ಮಾ ಆ ಬೂಟಿಗೆ?"

ಗೆಳೆಯ ಹೇಳಿದ. ಅಜ್ಜ ನಗಲಿಲ್ಲ, ಅದೇ ಇನ್ನೂ ಕಷ್ಟ. "ಇದು ಲಾರಿ ಟಾಯರು. ಮೂರ ವರ್ಷಾತು" ಅಂದು, ನಾವು ಕೈ ಊರಿ ಇಳಿಯಬೇಕೆಂದಿದ್ದ ಬಂಡೆಯನ್ನು ಆಡುಗಳ ಹಿಂದೆ ಸುಮ್ನೆ ಇಳಿದು ಹೋದರು. ಟಾಯರಿನ ರಬ್ಬರು ಗಟ್ಟಿ, ಸವೆಯಬಾರದು ಅಂತ ಮಾಡಿದ್ದು. ಅಪ್ರೋಚ್ ಶೂ ರಬ್ಬರು ಮೆತ್ತಗೆ, ಹಿಡಿಯಲಿ ಅಂತ ಮಾಡಿದ್ದು, ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಅದಕ್ಕೇ ನಾನು ಅದನ್ನು ಸಂತೆಗೆ, ಆಫೀಸಿಗೆ ಹಾಕಲ್ಲ. ಅಜ್ಜನ ಕಾಲಿನ ಅಭ್ಯಾಸ ಯಾವ ಅಂಗಡಿಯಲ್ಲೂ ಸಿಗಲ್ಲ, ಅದು ಬೇರೆ ಮಾತು.

ಮಹಾಕೂಟಕ್ಕೆ ಇಳಿಯುವ ಹಳೇ ಬಾಗಿಲಲ್ಲಿ ಎಲುಬಿನ ಗೂಡಿನಂಥ ಇಬ್ಬರು ಕಾವಲುಗಾರರ ಮೂರ್ತಿ ಇವೆ. ಒಳಗೆ ಪುಷ್ಕರಣಿ, ಬುಗ್ಗೆಯ ತಣ್ಣನೆ ನೀರು. ಗುಡಿಯಲ್ಲಿ ಹೇಗೂ ಬರಿಗಾಲು, ಗೆಳೆಯನಿಗೆ ಅಷ್ಟು ಹೊತ್ತು ನೆಮ್ಮದಿ. ಇಲ್ಲಿದ್ದ ಚಾಲುಕ್ಯ ದೊರೆ ಮಂಗಳೇಶನ ಶಾಸನದ ಕಂಬ ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ. ವಾಪಸ್ಸು ಆಟೋದಲ್ಲಿ ಬಂದೆವು.

ಬೆಳಗಾವಿಗೆ ಬಂದ ಮೇಲೆ ಗೆಳೆಯ ಹೊಸ ಅಪ್ರೋಚ್ ಶೂ ನೋಡಲು ನನ್ನನ್ನೂ ಎಳೆದುಕೊಂಡು ಹೋದ. ಸಂಜೆ ಹೊತ್ತೇ ಹೋಗೋಣ ಅಂದೆ, ಓಡಾಡಿ ಕಾಲು ಸ್ವಲ್ಪ ಉಬ್ಬಿರುತ್ತದೆ, ಅಳತೆ ಸರಿ ಸಿಗುತ್ತದೆ. ಅಂಗಡಿ ಹುಡುಗ ಬಣ್ಣ ತೋರಿಸುತ್ತಿದ್ದ, ನಾವು ಮೆಟ್ಟಿಲು ಕೇಳಿದೆವು. ಮೆಟ್ಟಿಲಿನ ಅಂಚಿಗೆ ಬರೀ ಮುಂಗಾಲು ಇಟ್ಟು ನಿಲ್ಲಬೇಕು. ಹಿಮ್ಮಡಿ ತಟ್ಟಂತ ಕೆಳಗೆ ಕುಸಿದರೆ ಶೂ ಅತೀ ಮೆತ್ತಗೆ. ಅಂಗಡಿ ಬಾಗಿಲಿನ ಬೈಕ್ ಹತ್ತಿಸುವ ಇಳಿಜಾರಿನಲ್ಲಿ ಕೆಳಮುಖ ನಿಂತಾಗ ಬೆರಳು ಮುಂದೆ ಬಡಿಯಬಾರದು. ಬಡಿದರೆ ಇಳಿಯುವಾಗ ಉಗುರು ಕಪ್ಪಾಗುವುದು ಖಂಡಿತ. ಲೇಸು ಬೆರಳಿನ ಹತ್ತಿರದವರೆಗೂ ಇದ್ದರೆ ಒಳ್ಳೇದು, ನಡೆಯುವಾಗ ಸಡಿಲ, ಹತ್ತುವಾಗ ಬಿಗಿ ಮಾಡಿಕೊಳ್ಳಬಹುದು. ಸುತ್ತ ರಬ್ಬರಿನ ಪಟ್ಟಿ, ಅದೇ ರ‍್ಯಾಂಡ್ ಅಂತಾರಲ್ಲ, ಮುಂದುಗಡೆ ಇರಲೇಬೇಕು. ನೆಟ್ಟಿನಲ್ಲಿ ತರಿಸುವವರು ಬರೀ ನಂಬರು ನಂಬಬೇಡಿ, ಪಾದದ ಉದ್ದ ಸೆಂಟಿಮೀಟರಿನಲ್ಲಿ ಅಳೆದು ಆ ಕಂಪನಿಯ ಪಟ್ಟಿಗೆ ಹೋಲಿಸಿ. ಯುಕೆ ನಂಬರು, ಯುರೋಪ್ ನಂಬರು ಒಬ್ಬೊಬ್ಬರದು ಒಂದೊಂದು ಥರ ಕೂರುತ್ತದೆ. ಒಳ್ಳೆಯ ಹೊರದೇಶದ ಜೋಡಿ ಹತ್ತು ಸಾವಿರ ದಾಟುತ್ತದೆ, ವಾಪಸ್ಸು ತಗೊಳ್ಳುವ ಕಡೆಯೇ ಕೊಳ್ಳೋದು ವಾಸಿ.

ಅವನಿಗೆ ಚರ್ಮದ್ದೊಂದು ಹಿಡಿಸಿತು. ಹಾಕಿಕೊಂಡು ಅತ್ತಿತ್ತ ನಡೆದು, "ಮಳಿಗಾಲದಾಗ ಖಾನಾಪುರ ಕಡೆನೂ ಇದ ನಡೀತೈತಿ ಅಲ್ಲ?" ಅಂತ ಕೇಳಿದ. ನಡೆಯಲ್ಲ ಅಂದೆ. ಮಲಪ್ರಭೆ ಖಾನಾಪುರ ಕಡೆಯ ಕಣಕುಂಬಿಯಲ್ಲಿ ಹುಟ್ಟುತ್ತಾಳೆ, ಅದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಪಕ್ಕ ಹರಿಯುತ್ತದೆ. ಹೊಳೆಯ ಕೆಳಗೆ ಬಾದಾಮಿ ಕಡೆಯ ಕಲ್ಲಿನಲ್ಲಿ ಈ ಗಿಡ್ಡ ಹಲ್ಲಿನ ಅಟ್ಟೆ ರಾಜ. ಮೇಲೆ ಕಣಕುಂಬಿಯ ಕೆಂಪು ಕೆಸರಿನಲ್ಲಿ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಹೆಜ್ಜೆಗೊಮ್ಮೆ ಜಾರುತ್ತದೆ. ಅಲ್ಲಿಗೆ ಆಳ ಹಲ್ಲಿನ, ನೀರು ಬೇಗ ಬಸಿದು ಹೋಗುವ ಟ್ರೇಲ್ ಶೂ ಬೇಕು. ಅದು ಅಪ್ರೋಚ್ ಶೂಗಿಂತ ಕಡಿಮೆ ಬೆಲೆಗೇ ಸಿಗುತ್ತದೆ ಅಂದೆ. ಅವನು ಅಂಗಡಿ ಹುಡುಗನ ಕಡೆ ತಿರುಗಿ ಅದನ್ನೂ ತೋರಿಸು ಅಂದ.