ತಪ್ಪು ಕೈಯದೋ, ಟೇಬಲ್‌ದೋ?

ಮುಂಬೈಗೆ ಬಂದ ಹೊಸತರಲ್ಲಿ ಮಾಟುಂಗದಲ್ಲಿ ನೆಂಟರ ಹೋಟೆಲ್‌ನ ಗಲ್ಲೆ ನೋಡಿಕೊಳ್ಳುತ್ತಿದ್ದೆ. ಎರಡೇ ವರ್ಷಕ್ಕೆ ಬೇಸರ ಬಂತು. ಈಗ ಅಂಧೇರಿಯ ಒಂದು ಪೂಲ್ ಪಾರ್ಲರ್‌ನಲ್ಲಿ ಮಾರ್ಕರ್. ಪೂಲ್ ಅಂದರೆ ಕ್ಯೂ ಅನ್ನುವ ಕೋಲಿನಿಂದ ಟೇಬಲ್ ಮೇಲಿನ ಚೆಂಡು ಹೊಡೆದು ಪಾಕೆಟ್ ಅನ್ನುವ ಗುಂಡಿಗೆ ಬೀಳಿಸುವ ಆಟ. ಚೆಂಡು ಜೋಡಿಸುವುದು, ಬಟ್ಟೆ ಬ್ರಷ್ ಮಾಡುವುದು, ಕ್ಯೂಗೆ ಟಿಪ್ ಅಂಟಿಸುವುದು, ಟೇಬಲ್ ಮಟ್ಟ ಮಾಡುವುದು. ಕುಂದಾಪುರದಲ್ಲಿರುವ ಅಮ್ಮನಿಗೆ ಇದೂ ಒಂದು ಕೆಲಸ ಅಂತ ಇನ್ನೂ ಅನ್ನಿಸಿಲ್ಲ.

ಬೆಳಿಗ್ಗೆ ಗಿರಾಕಿ ಇಲ್ಲದ ಹೊತ್ತಿಗೆ ಪ್ರೊಫೆಷನಲ್ ಆಟಗಾರರೊಬ್ಬರು ಪ್ರಾಕ್ಟೀಸ್‌ಗೆ ಬರುತ್ತಾರೆ. ಪ್ರೊಫೆಷನಲ್ ಅಂದರೆ ದುಡ್ಡಿನ ಮಳೆ ಅಂದುಕೊಳ್ಳಬೇಡಿ. ಸಂಜೆ ಹುಡುಗರಿಗೆ ಕಲಿಸಿದ ಫೀಸಿನಲ್ಲೇ ಟೂರ್ನಮೆಂಟ್‌ಗೆ ರೈಲು ಟಿಕೆಟ್. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಆಟ ಕಲಿತ ಬಿಲಿಯರ್ಡ್ಸ್, ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿಗೆ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಯಲ್ಲಿ ಕೆಲಸ ಸಿಕ್ಕಿತು. ಎಲ್ಲರಿಗೂ ಆ ಯೋಗ ಎಲ್ಲಿ? 2010ರವರೆಗೆ ಏಷ್ಯನ್ ಗೇಮ್ಸ್‌ನಲ್ಲಿದ್ದ ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಟಗಳನ್ನು 2014ರಲ್ಲಿ ಕೈಬಿಟ್ಟರು.

ಹೋದ ಮಳೆಗಾಲದಲ್ಲಿ ಒಂಬತ್ತು ಅಡಿಯ ಟೇಬಲ್ ಒಂದನ್ನು ಜಾಗ ಬದಲಿಸಿ ಇಟ್ಟೆವು. ಗಡಿಬಿಡಿಯಲ್ಲಿ ಮಟ್ಟ ನೋಡಿದವನು ನಾನೇ. ಮರುದಿನ ಅವರು ಮೆಲ್ಲಗೆ ಹೊಡೆದ ಚೆಂಡೆಲ್ಲ ಪಾಕೆಟ್ ಹತ್ತಿರ ಹೋಗಿ ತಪ್ಪುತ್ತಿತ್ತು. ನಾನು ಸುಮ್ನೆ ಇರಬಾರದಿತ್ತಾ? "ಇವತ್ತು ಕೈ ಸರಿ ಇಲ್ಲ ಅಲ್ವಾ ಸರ್?" ಅಂದುಬಿಟ್ಟೆ.

ಅವರು ಮಾತಾಡಲಿಲ್ಲ. ಈ ತುದಿಯಿಂದ ಒಂದು ಚೆಂಡನ್ನು ತೀರಾ ನಿಧಾನಕ್ಕೆ ಉರುಳಿಸಿದರು. ಕೊನೆಗೆ ಅದು ಬಲಕ್ಕೆ, ಕಿಟಕಿ ಕಡೆಗೆ ವಾಲಿತು. ಆ ತುದಿಗೆ ಹೋಗಿ ಅಲ್ಲಿಂದ ಉರುಳಿಸಿದರು. ಈಗ ಕಿಟಕಿ ಅವರ ಎಡಕ್ಕೆ. ಚೆಂಡು ಮತ್ತೆ ಕಿಟಕಿ ಕಡೆಗೇ! "ತಪ್ಪು ನನ್ನ ಕೈಯದಾಗಿದ್ದರೆ ಈಗಲೂ ಬಲಕ್ಕೆ ಹೋಗಬೇಕಿತ್ತು" ಅಂದರು.

ರಸಮಟ್ಟವನ್ನು ನಾನು ಉದ್ದಕ್ಕೆ ಮಾತ್ರ ಇಟ್ಟು ನೋಡಿದ್ದೆ. ಅಡ್ಡಕ್ಕೆ ಇಟ್ಟಿರಲೇ ಇಲ್ಲ. ಹಿಂದಿನ ಸಂಜೆ ಆಡಿದ ಹುಡುಗರಿಗೂ ಗೊತ್ತಾಗಿರಲಿಲ್ಲ. ಅವರು ಜೋರಾಗಿ ಬಾರಿಸುವವರು, ವೇಗದಲ್ಲಿ ಹೋಗುವ ಚೆಂಡಿಗೆ ವಾಲುವಷ್ಟು ಪುರುಸೊತ್ತೇ ಸಿಗುವುದಿಲ್ಲ.

ನಾನು ಕಿಟಕಿ ಕಡೆಯ ಕಾಲುಗಳಿಗೆ ತೆಳು ಪಟ್ಟಿ ಕೊಡುತ್ತಿದ್ದಾಗ ಅವರು ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ಕಥೆ ಹೇಳಿದರು. ಚಿಕ್ಕಂದಿನಲ್ಲಿ ಮನಿಲಾದಲ್ಲಿ ನೆಂಟರ ಪೂಲ್ ಹಾಲ್‌ನಲ್ಲಿ ಕೆಲಸ, ರಾತ್ರಿ ಟೇಬಲ್ ಮೇಲೇ ನಿದ್ದೆ. 1999ರಲ್ಲಿ ಪೂಲ್‌ನದೇ ಒಂದು ಬಗೆಯಾದ ನೈನ್-ಬಾಲ್‌ನಲ್ಲಿ ವಿಶ್ವ ಚಾಂಪಿಯನ್. ನನ್ನ ನೆಂಟರ ಹತ್ತಿರ ಇದ್ದದ್ದು ಇಡ್ಲಿ ಅಟ್ಟ, ಏನು ಮಾಡುವುದು!

ಈಗ ಶಟರ್ ಎತ್ತಿದ ಕೂಡಲೇ ಎಲ್ಲ ಟೇಬಲ್‌ಗಳಲ್ಲೂ ಎರಡೂ ಕಡೆಯಿಂದ ಚೆಂಡು ಉರುಳಿಸಿ ನೋಡುತ್ತೇನೆ. ಅವರು ಬಂದಾಗ "ಸರಿ ಇದೆ ಸರ್" ಅನ್ನುತ್ತೇನೆ. ತಲೆಯಾಡಿಸಿ, ತಾವೂ ಒಮ್ಮೆ ಉರುಳಿಸಿ ನೋಡುತ್ತಾರೆ.